ಪುಟ ವಿನ್ಯಾಸ ನಿಪುಣನ ತಾಯಿಯ ಎರಡು ಮಾತು

ಸಭೆಯ ಅಧ್ಯಕ್ಷರೇ, ಆಗಿನಿಂದ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ನನ್ನನ್ನು ವೇದಿಕೆ ಹತ್ತಿಸಿ ಈಗಾಗಲೇ ಕೈ ಕೈ ಹಿಸುಕಿಕೊಳ್ಳುತ್ತಿರುವ ಕಾರ್ಯದರ್ಶಿಗಳೇ, ಮುದ್ರಕರ ಸಂಘದ ಸದಸ್ಯರೇ, ಅವರ ಮನೆಯವರೇ, ಹಿಂದಿನ ಸಾಲಿನಲ್ಲಿ ಕೂತು ಟೀ ಬಂತೇ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ, ನಿಮಗೆಲ್ಲರಿಗೂ ಈ ಮುದುಕಿಯ ವಂದನೆ.

ಕಾರ್ಯದರ್ಶಿಗಳು ಮೊನ್ನೆ ಮನೆಗೆ ಬಂದು, "ಅಜ್ಜಿ, ಈ ಸಲ ನಿಮ್ಮ ಮಗನಿಗೆ ಸನ್ಮಾನ. ತಾಯಿಯಾಗಿ ಎರಡು ಒಳ್ಳೇ ಮಾತಾಡಿ," ಎಂದರು. ಬರಿಯ ಎರಡು ಮಾತು ಎಂದಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಒಳ್ಳೇ ಮಾತು ಎಂದು ಏಕೆ ಸೇರಿಸಬೇಕು? ಹೆತ್ತವಳು ಮಗನ ಬಗ್ಗೆ ಕೆಟ್ಟ ಮಾತಾಡಿಬಿಡುತ್ತಾಳೆ ಎಂಬ ಭಯ ಇವರಿಗೆ ಎಲ್ಲಿಂದ ಬಂತು? ಯಾರು ಹೇಳಿ ಕಳಿಸಿದರು? ಅವರು ಎದ್ದು ಹೋದ ಮೇಲೂ ನಾನು ಇದನ್ನೇ ಯೋಚಿಸುತ್ತ ಕೂತಿದ್ದೆ. ಸಂಜೆ ಮಗ ಬಂದು, "ಭಾಷಣ ನಾನೇ ಬರ್ಕೊಡ್ತೀನಮ್ಮ, ನೀನು ನೋಡ್ಕೊಂಡು ಓದಿದ್ರೆ ಸಾಕು," ಎಂದ. ಬೇಡಪ್ಪ ಎಂದೆ. ಅವನು ಬರೆದುಕೊಡುತ್ತಾನೆಂದು ನನಗೆ ಗೊತ್ತು. ಎಷ್ಟು ಚೆನ್ನಾಗಿ ಬರೆದುಕೊಡುತ್ತಾನೆ ಎಂಬುದೂ ಈಚೆಗೆ ಗೊತ್ತಾಗಿದೆ. ಆ ವಿಷಯಕ್ಕೆ ಬರುತ್ತೇನೆ, ಅವಸರ ಮಾಡಬೇಡಿ. ಈ ಕಾಗದದಲ್ಲಿರುವುದು ಪೂರ್ತಿ ನನ್ನ ಕೈಬರಹ. ಅಕ್ಷರ ಸೊಟ್ಟಗಿದೆ, ಮಾತು ನೆಟ್ಟಗಿದೆ.

ಇವತ್ತು ಈ ಸಂಘ ನನ್ನ ಮಗನಿಗೆ "ಪುಟ ವಿನ್ಯಾಸ ನಿಪುಣ" ಎಂಬ ಬಿರುದು ಕೊಡುತ್ತಿದೆ. ಗಾಜಿನ ಫಲಕವೊಂದಿದೆ. ಅವನ ಗುಣಗಾನ ಮಾಡಿ ಹಲವರು ಬರೆದ ಲೇಖನಗಳ ಅಭಿನಂದನಾ ಗ್ರಂಥವೊಂದು, ಅಗೋ, ಆ ಮೇಜಿನ ಮೇಲೆ ರಿಬ್ಬನ್ ಕಟ್ಟಿಸಿಕೊಂಡು ಕೂತಿದೆ. ಆ ಗ್ರಂಥವನ್ನು ಹೊಲಿದವಳು ನಾನು. ನಮ್ಮ ಪ್ರೆಸ್ಸಿನಲ್ಲಿ ಇವತ್ತಿಗೂ ದಪ್ಪ ಪುಸ್ತಕ ಹೊಲಿಯುವುದು ನಾನೇ. ಯಂತ್ರ ಹೊಲಿದದ್ದು ಎರಡು ಸಲ ಬಿಚ್ಚಿ ಓದಿದರೆ ಹಾಳೆ ಹಾಳೆಯಾಗಿ ಉದುರುತ್ತದೆ. ಇಲ್ಲಿ ಕೂತಿರುವ ಯಂತ್ರದವರು ಸಿಟ್ಟಾಗಬೇಡಿ. ಸಿಟ್ಟಾದರೂ ಉದುರುವುದು ಉದುರುತ್ತದೆ.

ನಾನು ಓದಿದ್ದು ಮೂರನೆಯ ತರಗತಿ. ಅಲ್ಲಿಗೆ ನಮ್ಮ ಹಳ್ಳಿಯ ಶಾಲೆಯಲ್ಲಿ ಬೆಂಚು ಮುಗಿಯುತ್ತಿತ್ತು. ಮದುವೆಯಾಗಿ ಬಂದಾಗ ನಮ್ಮ ಯಜಮಾನರು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುತ್ತಿದ್ದರು. ಮೊದಲನೆಯ ದಿನವೇ ನನಗೆ ಕೆಲಸ ಹಂಚಿದರು: "ನೀನು ಮಡಿಸು. ಜೋಡಿಸೋದು ಬೇರೆ ವಿದ್ಯೆ." ದೊಡ್ಡ ಹಾಳೆಯೊಂದನ್ನು ಅಚ್ಚು ಮಾಡಿ ಸರಿಯಾಗಿ ಮಡಿಸಿದರೆ ಹದಿನಾರು ಪುಟ. ಅದನ್ನೇ ನಾವು ಫಾರಂ ಎನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ ಪುಸ್ತಕ. ನಾನು ಮಡಿಸಿದೆ, ಹೊಲಿದೆ. ಸಂಜೆ ಮೊಳೆಗಳ ಶಾಯಿಯನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ತೊಳೆಯುತ್ತ ತೊಳೆಯುತ್ತ, ಮೊಳೆಯ ಮೇಲೆ ಹಿಂದುಮುಂದಾಗಿ ಕೊರೆದ ಅಕ್ಷರವನ್ನು ಓದಲು ಕಲಿತೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ತೊಳೆಯುವ ಕೆಲಸವೂ ಕೈ ತಪ್ಪುತ್ತಿತ್ತು. ಇದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಮೊಳೆ ಜೋಡಿಸುವ ಕೋಣೆಗೆ ಒಳಗಿನಿಂದ ಚಿಲಕವಿತ್ತು, ಊಟಕ್ಕೆ ಕರೆಯಲು ಹೋದರೂ ಹೊರಗೇ ನಿಂತು ಕರೆಯಬೇಕಿತ್ತು ಎಂಬುದೆಲ್ಲ ಈಗ ಏಕೆ? ಬೇಸರವಿಲ್ಲ ಎಂದೆನಲ್ಲ.

ಮೊಳೆ ಹೋಯಿತು, ಕಂಪ್ಯೂಟರು ಬಂತು. ಮಗನಿಗೆ ಮದುವೆಯಾಯಿತು, ಸೊಸೆ ಬಂದಳು. ಮದುವೆಗೆ ಮುಂಚೆ ಒಂದು ಪತ್ರಿಕೆಯ ಕಚೇರಿಯಲ್ಲಿ ಪುಟ ಕಟ್ಟುತ್ತಿದ್ದವಳು. ಬಂದವಳೇ ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತಳು. ಅವಳ ಕುರ್ಚಿಯ ಹಿಂದೆಯೇ ನನ್ನ ಹೊಲಿಗೆಯ ಮೇಜು. ಅಂದಿನಿಂದ ಅವಳ ಬೆನ್ನು ನನ್ನ ಕಣ್ಣಿಗೆ ಕಟ್ಟಿದೆ, ನನ್ನ ಅನುಮಾನ ಅವಳ ಬೆನ್ನಿಗೆ ಕಟ್ಟಿದೆ.

ಅನುಮಾನ ಏಕೆ ಬಂತು? ಕೇಳಿ. ಪರದೆಯ ನಡುವೆ ಪುಟ ಇರುತ್ತದೆ. ಪುಟದ ಸುತ್ತ ಮನೆಯ ಮುಂದಿನ ಅಂಗಳದ ಹಾಗೆ ಖಾಲಿ ಜಾಗ. ಆ ಅಂಗಳದಲ್ಲಿ ಇವಳು ಏನೇನೋ ಹರಡಿಕೊಂಡಿರುತ್ತಿದ್ದಳು. ನಾನು ಎದ್ದು ಹತ್ತಿರ ಹೋದ ಕೂಡಲೇ ಎಡಗೈ ಒಂದಿಷ್ಟೇ ಅಲುಗುತ್ತಿತ್ತು, ಅಷ್ಟೂ ಮಾಯ! ಶುಭ್ರವಾದ ಪುಟವೊಂದೇ ಉಳಿಯುತ್ತಿತ್ತು. ನಾನು ತಿರುಗಿ ಬಂದು ಕೂತರೆ ಅಂಗಳದ ಸಾಮಾನೆಲ್ಲ ಮತ್ತೆ ಹಾಜರು. ನೀವೇ ಹೇಳಿ ಸಭಿಕರೇ, ಅತ್ತೆ ಬಂದಾಗ ಮಾಯವಾಗಿ ಅತ್ತೆ ಹೋದಾಗ ಬರುವ ವಸ್ತುವಿನ ಮೇಲೆ ಯಾವ ಅತ್ತೆಗೆ ಅನುಮಾನ ಬರುವುದಿಲ್ಲ?

ಒಂದು ದಿನ ಕೇಳಿಯೇಬಿಟ್ಟೆ. "ಏನೇ ಅದು, ನಾನು ಬಂದ ತಕ್ಷಣ ಮುಚ್ಚಿಡೋದು?"

"ಏನೂ ಇಲ್ಲ ಅತ್ತೆ. ಬೇಡದ ಫೋಟೋ, ಹಳೇ ತಲೆಬರಹ, ಬಣ್ಣದ ಚೂರು. ಡಬ್ಲ್ಯೂ ಒತ್ತಿದ್ರೆ ಅಚ್ಚಾಗೋದು ಮಾತ್ರ ಕಾಣುತ್ತೆ. ಗಿರಾಕಿಗಳು ಅದನ್ನ ನೋಡಿದ್ರೆ, 'ಅಲ್ಲೇನೋ ಬಿದ್ದಿದೆಯಲ್ಲ, ಅದನ್ನೂ ಹಾಕ್ಬಿಡಿ' ಅಂತಾರೆ."

"ಸರಿ, ಗಿರಾಕಿಗೆ ಮುಚ್ಚು. ನನಗ್ಯಾಕೆ ಮುಚ್ಚಿದೆ?"

"ನೀವೂ ಅದನ್ನೇ ಅಂತೀರ."

ನೋಡಿ, ಹೇಗಿದೆ ಉತ್ತರ! ನಾನು ಹಾಗೆ ಎಂದಿದ್ದು ಒಂದೇ ಸಲ. ಒಂದು ಹಕ್ಕಿಯ ಚಿತ್ರ ಅಂಗಳದಲ್ಲಿ ಅನಾಥವಾಗಿ ಬಿದ್ದಿತ್ತು, ಅಷ್ಟು ಚೆಂದದ ಹಕ್ಕಿಯನ್ನು ಹಾಕಬಾರದೇನೇ ಎಂದಿದ್ದೆ. ಅದು ತೆರಿಗೆಯ ಪುಸ್ತಕವಂತೆ. ಇರಲಿ.

ನನಗೆ ಅಷ್ಟಕ್ಕೇ ನಂಬಿಕೆ ಬರಲಿಲ್ಲ. ದಿನವೂ ಕೇಳಿದೆ, ದಿನವೂ ಹೇಳಿದಳು. ಪುಟದ ಮೇಲಿನ ಗೀಟುಗಳನ್ನು ಅಡಗಿಸಲು ಒಂದು ಗುಂಡಿ. ಪಕ್ಕದ ಪೆಟ್ಟಿಗೆಗಳನ್ನೆಲ್ಲ ಅಡಗಿಸಲು ಟ್ಯಾಬ್ ಎಂಬ ಗುಂಡಿ. ಒಂದೇ ಒಂದು ಚಿತ್ರವನ್ನು ಆರಿಸಿ ಕಂಟ್ರೋಲಿನ ಜೊತೆ ಮೂರನ್ನು ಒತ್ತಿದರೆ ಅದೊಂದೇ ಮಾಯ. ಆಲ್ಟ್ ಎಂಬುದನ್ನೂ ಸೇರಿಸಿ ಒತ್ತಿದರೆ ಮತ್ತೆ ಪ್ರತ್ಯಕ್ಷ. ನನಗೆ ಅರ್ಥವಾಗದೇ ಉಳಿದದ್ದು ಒಂದೇ. ಪುಟ ಕಟ್ಟುವ ಯಂತ್ರಕ್ಕೆ ಅಡಗಿಸಲು ಇಷ್ಟೊಂದು ದಾರಿ ಏಕೆ ಬೇಕು? ಇದನ್ನು ಮಾಡಿದವನಿಗೆ ಮನೆಯಲ್ಲಿ ಏನು ತೊಂದರೆಯಿತ್ತೋ! ಇಲ್ಲಿ ಕೂತಿರುವ ವಿದ್ಯಾವಂತರು ಆಮೇಲೆ ಬಂದು ಹೇಳಿ. ಹೇಳಿದ್ದನ್ನು ನಂಬುತ್ತೇನೆ ಎಂದು ಮಾತ್ರ ಮಾತು ಕೊಡಲಾರೆ.

ಹೀಗಿರುವಾಗ ಒಂದು ಶಾಲೆಯ ಸ್ಮರಣ ಸಂಚಿಕೆ ಅಚ್ಚಾಗಿ ಹೋಯಿತು. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿ ಬಿರುಗಾಳಿಯ ಹಾಗೆ ಒಳಗೆ ಬಂದರು. ಸಂಚಿಕೆಯನ್ನು ಮೇಜಿನ ಮೇಲೆ ಬಡಿದು, "ಇದೇನ್ರೀ ಇದು? ನನ್ನ ಸಂದೇಶದ ಮಧ್ಯೆ ಒಂದು ಡ ನಿಂತಿದೆ! ಯಾರ್ರೀ ಇವನು?" ಎಂದರು. ನಿಜ. ಎರಡು ಪದಗಳ ನಡುವೆ ಒಂಟಿ ಡ, ಮನೆ ತಪ್ಪಿ ಬಂದ ನೆಂಟನ ಹಾಗೆ, ಯಾರಿಗೂ ಸಂಬಂಧವಿಲ್ಲದೆ ನಿಂತಿತ್ತು. ಅದಾದ ಮೇಲೆ ಒಂದು ಸಂಘದ ವಾರ್ಷಿಕ ವರದಿಯಲ್ಲಿ ಇನ್ನೊಂದು ಡ. ಆ ಕೆಲಸವನ್ನು ಮತ್ತೆ ಪೂರ್ತಿ ಅಚ್ಚು ಹಾಕಬೇಕಾಯಿತು.

ಮಗ ಗಿರಾಕಿಗಳ ಎದುರಿಗೇ ಸೊಸೆಯ ಕಡೆ ಕೈ ತೋರಿಸಿದ. "ಇವಳದ್ದೇ ಕೆಲಸ. ಇತ್ತೀಚೆಗೆ ಗಮನ ಎಲ್ಲೋ ಇರುತ್ತೆ," ಎಂದ. ವಾರ ಕಳೆಯುವುದರೊಳಗೆ ಮಗನ ಬಾಯಲ್ಲಿ ಹೊಸ ರಾಗ ಬಂತು. "ಎಷ್ಟು ದಿನ ದುಡೀತೀಯ, ಮುಂದಿನ ತಿಂಗಳಿಂದ ಬೇರೆಯವರನ್ನ ಕರೆಸ್ತೀನಿ. ನೀನು ಮನೇಲಿದ್ದು ರೆಸ್ಟ್ ತಗೋ." ನನ್ನ ಮಗ ಯಾರಿಗಾದರೂ ರೆಸ್ಟ್ ತಗೋ ಎಂದದ್ದನ್ನು ನಾನು ಅವನನ್ನು ಹೆತ್ತಾಗಿನಿಂದ ಕೇಳಿಲ್ಲ. ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಮಾರನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಬಂದು, ಸೊಸೆಯ ಕುರ್ಚಿಯ ಎತ್ತರವನ್ನು ಕೈಯಲ್ಲೇ ಅಳೆದು ನೋಡಿ ಹೋದ.

ನಾನು ಮೊದಲು ಹಿಡಿದದ್ದು ನಮ್ಮ ತಿದ್ದುಮೇಷ್ಟ್ರನ್ನು. ಕರಡು ತಿದ್ದುವವರು, ನಾವೆಲ್ಲ ಹಾಗೇ ಕರೆಯುವುದು. ಇಲ್ಲೇ ಕೂತಿದ್ದಾರೆ, ಆ ದಿನ ನನ್ನ ಬಾಯಿಗೆ ಸಿಕ್ಕಿ ಒದ್ದಾಡಿದರು. "ಏನು ಮೇಷ್ಟ್ರೇ, ಅಷ್ಟು ದೊಡ್ಡ ಡ ಕಾಣಲಿಲ್ವಾ? ಕಣ್ಣನ್ನ ಮನೇಲಿಟ್ಟು ಬಂದಿದ್ರಾ?" ಎಂದೆ. ಅವರು ಸಿಟ್ಟಿನಿಂದ, ತಾವು ಸಹಿ ಹಾಕಿದ ಕರಡು ಹಾಳೆ ತಂದು ನನ್ನ ಮುಂದೆ ಹಿಡಿದರು. "ನೀವೇ ನೋಡಿಯಮ್ಮ, ಇದರಲ್ಲಿ ಡ ಇದ್ರೆ ನಾಳೆಯಿಂದ ನಾನು ಪ್ರೆಸ್ಸಿಗೆ ಕಾಲಿಡಲ್ಲ." ಇರಲಿಲ್ಲ. ಅಂದರೆ ಕರಡು ತಿದ್ದಿದ ಮೇಲೆ, ಅಚ್ಚಿಗೆ ಹೋಗುವ ಮುಂಚೆ, ನಡುವೆ ಎಲ್ಲೋ ಆ ಡ ಬಂದು ಬಿದ್ದಿದೆ. ಎಲ್ಲಿಂದ?

ಸೊಸೆಯನ್ನು ಕೇಳಿದೆ. "ಡಬ್ಲ್ಯೂ ಗುಂಡೀನೇ ಅತ್ತೆ ಅದು," ಎಂದಳು. "ಕರ್ಸರ್ ಅಕ್ಷರದ ಒಳಗೆ ಇದ್ದಾಗ ಡಬ್ಲ್ಯೂ ಒತ್ತಿದ್ರೆ ಅಂಗಳ ಮುಚ್ಚಲ್ಲ, ಅಲ್ಲೇ ಒಂದು ಡ ಟೈಪ್ ಆಗುತ್ತೆ. ನಮ್ಮ ಕೀಬೋರ್ಡಲ್ಲಿ ಎರಡೂ ಒಂದೇ ಗುಂಡಿ. ಅದಕ್ಕೇ ಮೊದಲು ಎಸ್ಕೇಪ್ ಒತ್ತಿ ಅಕ್ಷರದಿಂದ ಈಚೆ ಬರಬೇಕು, ಆಮೇಲೆ ಡಬ್ಲ್ಯೂ."

"ನೀನು ಎಸ್ಕೇಪ್ ಒತ್ತೀಯಾ?"

"ಕಣ್ಣು ಮುಚ್ಚಿದ್ರೂ ಬೆರಳು ಒತ್ತುತ್ತೆ."

ಅವಳ ಮಾತನ್ನು ಹಾಗೇ ನಂಬಲು ನಾನೇನು ನಿನ್ನೆ ಹುಟ್ಟಿದವಳೇ? ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಅವಳ ಎಡಗಡೆಗೆ ಸ್ಟೂಲ್ ಎಳೆದುಕೊಂಡು ಕೂತೆ. ಗಿರಾಕಿ ಬರಲಿ, ಫೋನ್ ಬರಲಿ, ಮೊಮ್ಮಗು ಬಿದ್ದು ಅಳುತ್ತಿರಲಿ, ಕಿರುಬೆರಳು ಮೊದಲು ಮೂಲೆಯ ಎಸ್ಕೇಪಿಗೆ ಹೋಗುತ್ತಿತ್ತು, ಆಮೇಲೆ ಡಬ್ಲ್ಯೂ. ಒಂದು ಸಲವೂ ತಪ್ಪಲಿಲ್ಲ. ನನ್ನ ಅನುಮಾನಕ್ಕೆ ಇಷ್ಟು ಅವಮಾನ ಹಿಂದೆಂದೂ ಆಗಿರಲಿಲ್ಲ.

ಹಾಗಾದರೆ ಯಾರು? ಡಬ್ಲ್ಯೂ ಒತ್ತಿದರೆ ಮುಚ್ಚುತ್ತದೆ ಎಂದು ಗೊತ್ತಿದ್ದು, ಎಸ್ಕೇಪ್ ಗೊತ್ತಿಲ್ಲದವರು ಯಾರು? ಅವಳ ಹಿಂದೆ ನಿಂತು, ಅರ್ಧ ಕಂಡು, ಅರ್ಧ ಕಾಣದೆ ಕಲಿತವರು. ನಮ್ಮಲ್ಲಿ ಅವಳ ಬಲಭುಜದ ಹಿಂದೆ ನಿಂತು, "ಅದನ್ನ ಸ್ವಲ್ಪ ಆ ಕಡೆ ಸರಿಸು, ಇದನ್ನ ಈ ಕಡೆ ತಾ" ಎನ್ನುತ್ತ ಇರುವ ಮನುಷ್ಯ ಒಬ್ಬನೇ. ಅವನು ನಿಲ್ಲುವ ಜಾಗದಿಂದ ಎಡಮೂಲೆಯ ಗುಂಡಿ ಕಾಣುವುದಿಲ್ಲ. ನಾನು ಹೋಗಿ ಅಲ್ಲೇ ನಿಂತು ನೋಡಿದ್ದೇನೆ.

ಮಧ್ಯಾಹ್ನ ಸೊಸೆ ಮಗುವಿಗೆ ಊಟ ಹಾಕಲು ಮಹಡಿಯ ಮೇಲಿನ ಮನೆಗೆ ಹೋಗುತ್ತಾಳೆ. ಆಗ ನಾನು ಮೇಜಿಗೆ ತಲೆ ಕೊಟ್ಟು ಒಂದು ಜೊಂಪು ತೆಗೆಯುವುದು ಎಲ್ಲರಿಗೂ ಗೊತ್ತು. ಆ ದಿನವೂ ತಲೆ ಕೊಟ್ಟೆ. ಗೊರಕೆಯನ್ನೂ ಹೊಡೆದೆ. ಚೆನ್ನಾಗಿಯೇ ಹೊಡೆದೆ ಎಂದು ಕಾಣುತ್ತದೆ, ಮಗ ನೆಮ್ಮದಿಯಾಗಿ ಬಂದು ಆ ಕುರ್ಚಿಯಲ್ಲಿ ಕೂತ. ಎರಡೇ ಬೆರಳಿನಲ್ಲಿ ಏನನ್ನೋ ಕುಟ್ಟುತ್ತಿದ್ದ. ಅಷ್ಟರಲ್ಲಿ ಅಚ್ಚಿನ ಯಂತ್ರ ಓಡಿಸುವ ಮಿಷಿನ್ ಅಣ್ಣ ಏನೋ ಕೇಳಲು ಬಾಗಿಲು ತಳ್ಳಿದ. ಮಗ ಬೆಚ್ಚಿಬಿದ್ದು, ತಾನು ಬರೆಯುತ್ತಿದ್ದದ್ದನ್ನು ಸರಿಸಿ, ಸೊಸೆ ಅರ್ಧಕ್ಕೆ ಬಿಟ್ಟು ಹೋಗಿದ್ದ ಗಿರಾಕಿಯ ಪುಟವನ್ನು ಮುಂದೆ ತಂದು, ಅದೇ ಡಬ್ಲ್ಯೂ ಗುಂಡಿಯನ್ನು ಟಕ್ಕೆಂದು ಒತ್ತಿದ. ಅವಳ ಕರ್ಸರ್ ಆ ಪುಟದ ಒಂದು ಸಾಲಿನಲ್ಲಿ ಮಿನುಗುತ್ತ ಕೂತಿತ್ತು. ಅಂಗಳ ಮುಚ್ಚಲಿಲ್ಲ. ಸಾಲಿನ ನಡುವೆ ಒಂದು ಡ ಬಂದು ಕೂತಿತು. ಅವನು ನೋಡಲಿಲ್ಲ, ಬಾಗಿಲ ಕಡೆ ತಿರುಗಿದ್ದ. ನಾನು ನೋಡಿದೆ. ಸೀಸದ ಮೇಲೆ ಹಿಂದುಮುಂದಾಗಿದ್ದ ಅಕ್ಷರವನ್ನು ಓದಿದ ಕಣ್ಣಿಗೆ, ಬೆಳಗುವ ಪರದೆಯ ಮೇಲಿನ ಡ ಒಂದು ಲೆಕ್ಕವೇ?

ಆಗಲೇ ಎದ್ದು ಏಕೆ ಕಿವಿ ಹಿಂಡಲಿಲ್ಲ ಎಂದು ಕೇಳುತ್ತೀರಿ. ಹಿಂಡಬಹುದಿತ್ತು. ಆದರೆ ಅವನು ಕೂತ ರೀತಿ ನೋಡಿ ಕೈ ಏಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಿದ್ದ, ಯಾರಾದರೂ ಬಂದು ಎಬ್ಬಿಸುತ್ತಾರೆ ಎಂಬ ಹಾಗೆ. ಯಜಮಾನರು ಆ ಮೊಳೆಯ ಕೋಣೆಗೆ ಇವನನ್ನೂ ಬಿಡುತ್ತಿರಲಿಲ್ಲ. ಹುಡುಗನಾಗಿದ್ದಾಗ ಕಿಟಕಿಯ ಸರಳು ಹಿಡಿದು ಅಪ್ಪನ ಬೆನ್ನು ನೋಡುತ್ತ ನಿಂತಿರುತ್ತಿದ್ದ. ಇವನಿಗೆ ಹಿಂದೆ ನಿಂತು ಕಲಿತೇ ಅಭ್ಯಾಸ, ಎದುರಿಗೆ ಕೂತು ಕೇಳಿ ಕಲಿತು ಗೊತ್ತಿಲ್ಲ. ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಎಸ್ಕೇಪನ್ನು ಎಂದೋ ಹೇಳಿಕೊಡುತ್ತಿದ್ದಳು. ಇದನ್ನು ನಾನು ಅವನ ಪರವಾಗಿ ಹೇಳುತ್ತಿಲ್ಲ. ಅಧ್ಯಕ್ಷರು ತಲೆಯಾಡಿಸುವುದು ಬೇಡ.

ಸೊಸೆ ಇಳಿದು ಬಂದ ಮೇಲೆ ಆ ಡ ತೋರಿಸಿ ಅಳಿಸಿಸಿದೆ. ಯಾರು ಹಾಕಿದ್ದು ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವಳಿಗೆ ಮೊದಲೇ ಗೊತ್ತಿತ್ತೋ ಏನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಮಗ ಕದ್ದು ಕೂತು ಬರೆಯುತ್ತಿದ್ದದ್ದು ಏನು? ಆ ಉತ್ತರ ತಾನಾಗಿಯೇ ನನ್ನ ಮೇಜಿಗೆ ನಡೆದುಕೊಂಡು ಬಂತು. ಈ ಅಭಿನಂದನಾ ಗ್ರಂಥದ ಫಾರಂಗಳು ಅಚ್ಚಾಗಿ ಮಡಿಸಲು ಬಂದವು. ನಾಲ್ಕು ಫಾರಂ ಮಡಿಸಿದೆ. ಐದನೆಯದನ್ನು ಮಡಿಸುವಾಗ ನನ್ನ ಹೆಸರು ಕಣ್ಣಿಗೆ ಬಿತ್ತು. "ತಾಯಿಯ ಕರುಳಿನ ಕರೆ" ಎಂದು ತಲೆಬರಹ. ಕೆಳಗೆ ನನ್ನ ಫೋಟೋ. "ನನ್ನ ಸುಪುತ್ರನ ಅನಿರ್ವಚನೀಯ ಪ್ರತಿಭೆಯನ್ನು ನಾನು ಅವನ ಬಾಲ್ಯದಲ್ಲಿಯೇ ಗುರುತಿಸಿದ್ದೆ" ಎಂದು ಬರೆದಿದ್ದೇನಂತೆ ನಾನು! ಅನಿರ್ವಚನೀಯ ಎಂದರೇನು ಎಂದು ತಿದ್ದುಮೇಷ್ಟ್ರನ್ನು ಕೇಳಿದೆ. ಮಾತಿನಲ್ಲಿ ಹೇಳಲು ಆಗದ್ದು ಎಂದರು. ಹೇಳಲು ಆಗದ್ದನ್ನು ಎರಡು ಪುಟದ ತುಂಬ ಹೇಗೆ ಹೇಳಿದೆ ನಾನು? ಮೇಷ್ಟ್ರೇ, ಇದನ್ನು ನೀವು ತಿದ್ದಲಿಲ್ಲವೇ ಎಂದರೆ, "ಈ ಗ್ರಂಥದ ಕರಡು ನನಗೆ ತೋರಿಸಲೇ ಇಲ್ಲಮ್ಮ," ಎಂದರು.

ನನ್ನದು ಹೋಗಲಿ. ವಯಸ್ಸಾದವಳು, ಯಾರೋ ನಾಲ್ಕು ಒಳ್ಳೆಯ ಮಾತು ಬಾಯಿಗೆ ತುರುಕಿದರೆ ನುಂಗಿಕೊಳ್ಳುತ್ತೇನೆ. ಅದೇ ಫಾರಮಿನಲ್ಲಿ ಮುಂದಿನ ಲೇಖನ ಸೊಸೆಯ ಹೆಸರಿನದು. ತಲೆಬರಹ: "ನನ್ನ ಪತಿ, ನನ್ನ ಗುರು." ಪುಟ ವಿನ್ಯಾಸದ ಪ್ರತಿಯೊಂದು ಗುಟ್ಟನ್ನೂ ಅವಳಿಗೆ ಕಲಿಸಿದವನು ಇವನಂತೆ. ಈ ಪ್ರೆಸ್ಸಿನಿಂದ ಹೊರಬಿದ್ದ ಚೆಂದದ ಪುಟಗಳೆಲ್ಲ ಇವನ ಕಲ್ಪನೆಯಂತೆ, ಅವಳು ಬರಿಯ ಬೆರಳಂತೆ. ಕೊನೆಯ ಸಾಲನ್ನು ಹೇಳುತ್ತೇನೆ, ಬಾಯಿಪಾಠವಾಗಿದೆ: "ಇನ್ನು ಮುಂದೆ ನಾನು ಸಂತೋಷದಿಂದ, ನನ್ನ ಸ್ವಂತ ಇಚ್ಛೆಯಿಂದ ಡ ಆ ಕುರ್ಚಿಯನ್ನು ಬಿಟ್ಟುಕೊಟ್ಟು ಗೃಹಕೃತ್ಯಕ್ಕೆ ಮರಳುತ್ತಿದ್ದೇನೆ."

ಸ್ವಂತ ಇಚ್ಛೆಯ ಪಕ್ಕದಲ್ಲೇ ಡ! ಅಷ್ಟು ಹೊತ್ತಿಗೆ ಬಾಗಿಲಿನಲ್ಲಿ ಯಾರೋ ಬಂದಿರಬೇಕು.

ಈ ಸಭೆಯಲ್ಲಿ ಪ್ರೆಸ್ಸಿನವರೇ ತುಂಬಿದ್ದೀರಿ. ಇಬ್ಬರು ಹೆಂಗಸರ ಹೆಸರಿನಲ್ಲಿ ಆ ಮಾತುಗಳನ್ನು ಬರೆದವರು ಯಾರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಏಕೆ ಬರೆದ ಎಂಬುದು ಕೂಡ ನನಗೆ ಆಗ ಹೊಳೆಯಿತು. ಬಿರುದು ಇವನಿಗೆ ಬರುತ್ತದೆ. ಬಿರುದು ಬಂದ ಮೇಲೂ ಆ ಕುರ್ಚಿಯಲ್ಲಿ ಅವಳೇ ಕೂತಿದ್ದರೆ, ನೋಡಲು ಬಂದವರು ಏನೆಂದುಕೊಳ್ಳುತ್ತಾರೆ? ಕಪ್ಪು ಕನ್ನಡಕದವನು ಕೂತರೆ ಅವನು ಸಂಬಳದವನು, ಹೇಳಿಕೊಟ್ಟವನು ಯಜಮಾನ. ಲೆಕ್ಕ ಸರಿಹೋಗುತ್ತದೆ.

ಫಾರಂ ತೆಗೆದುಕೊಂಡು ಹೋಗಿ ಸೊಸೆಯ ಮುಂದೆ ಇಟ್ಟೆ. ನಿಂತುಕೊಂಡೇ ಓದಿದಳು. ಓದಿ ಮುಗಿಸಿ ಮೊದಲು ಹೇಳಿದ ಮಾತು, "ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟಿದ್ದಾರೆ." ಆಮೇಲೆ ಕೂತಳು. ಕೂತ ಮೇಲೆ, "ಅತ್ತೆ, ನಾನು ಇದನ್ನ ಬರೆದಿಲ್ಲ," ಎಂದಳು.

"ಅದು ಗೊತ್ತಾಯ್ತು. ಬಿಡೋಕೆ ಇಷ್ಟ ಇದೆಯೋ ಇಲ್ವೋ ಹೇಳು."

"ಇಲ್ಲ."

"ಬಿರುದು ಬೇಕಾ?"

"ಬಿರುದು ಅವರೇ ಇಟ್ಕೊಳ್ಳಲಿ. ಬೆಳಿಗ್ಗೆ ಎದ್ದು ನಾನು ಬಂದು ಇಲ್ಲಿ ಕೂರಬೇಕು ಅತ್ತೆ. ಇಲ್ಲಿ ಕೂತಾಗ ಮಾತ್ರ ನನ್ನನ್ನ ಯಾರೂ ಏನೂ ಕೇಳಲ್ಲ. ನಿಮ್ಮನ್ನ ಬಿಟ್ಟು."

"ಅದನ್ನ ಗಂಡನಿಗೆ ಹೇಳಿದ್ದೀಯಾ?"

"ನಿನ್ನೆ ಹೇಳಿದೆ. 'ಗ್ರಂಥದಲ್ಲಿ ಅಚ್ಚಾಗಿಹೋಗಿದೆ, ಇನ್ನು ಏನು ಮಾಡೋಕಾಗುತ್ತೆ' ಅಂದ್ರು. ಏನು ಅಚ್ಚಾಗಿದೆ ಅಂತ ಈಗ ನೋಡಿದೆ."

ಅಚ್ಚಾಗಿಹೋಗಿದೆಯಂತೆ! ಅಚ್ಚಾದದ್ದೆಲ್ಲ ಪುಸ್ತಕವೇ? ಹೊಲಿಯುವವಳು ಇನ್ನೂ ಬದುಕಿದ್ದಾಳೆ ಎಂಬುದು ಇವನ ತಲೆಗೆ ಬರಲೇ ಇಲ್ಲ. ಅಪ್ಪನ ಹಾಗೆಯೇ.

ಆದ್ದರಿಂದ ಮುಖ್ಯ ಅತಿಥಿಗಳಲ್ಲಿ ಒಂದು ಮಾತು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಇನ್ನು ಸ್ವಲ್ಪ ಹೊತ್ತಿಗೆ ನೀವು ರಿಬ್ಬನ್ ಬಿಚ್ಚಿ ಗ್ರಂಥವನ್ನು ಎತ್ತಿ ತೋರಿಸುತ್ತೀರಿ. ತೋರಿಸಿ, ಧಾರಾಳವಾಗಿ ತೋರಿಸಿ, ಹೊಲಿಗೆ ಗಟ್ಟಿಯಾಗಿದೆ. ಆದರೆ ಒಳಗೆ ಬಿಚ್ಚಿದರೆ ಅರವತ್ತನಾಲ್ಕನೆಯ ಪುಟದ ಮುಂದೆ ಎಂಬತ್ತೊಂದನೆಯ ಪುಟ ಇರುತ್ತದೆ. ಗಾಬರಿಯಾಗಬೇಡಿ. ನಡುವಿನ ಫಾರಂ ಬಿಟ್ಟು ಹೊಲಿದಿದ್ದೇನೆ, ಅಷ್ಟೂ ಪ್ರತಿಗಳಲ್ಲಿ. ಆ ಹಾಳೆಗಳು ಎಲ್ಲಿವೆ ಎಂದು ಇಲ್ಲಿ ಹೇಳುವುದಿಲ್ಲ. ಸನ್ಮಾನಿತರು ಆಗಲೇ ಮುಂದಕ್ಕೆ ಬಗ್ಗಿ ಕೂತಿದ್ದಾರೆ.

ಇವತ್ತು ಮಧ್ಯಾಹ್ನ ಅವನಿಗೆ ಗೊತ್ತಾಯಿತು. ಒಂದು ಪ್ರತಿ ಬಿಚ್ಚಿ ನೋಡಿದವನು ನನ್ನ ಮೇಜಿಗೆ ಓಡಿ ಬಂದ.

"ಅಮ್ಮಾ, ಐದನೇ ಫಾರಂ ಎಲ್ಲಿ?"

"ಅವಳ ಕುರ್ಚಿ ಎಲ್ಲಿ?"

"ಅಮ್ಮ, ಆಟ ಆಡಬೇಡ. ಸಂಜೆ ಅಷ್ಟು ಜನದ ಮುಂದೆ ನನ್ನ ಮರ್ಯಾದೆ ಹೋಗುತ್ತೆ."

"ಗಿರಾಕಿಗಳ ಮುಂದೆ ಅವಳದ್ದು ಹೋದಾಗ ನಿನಗೇನಾದ್ರೂ ಅನ್ನಿಸ್ತಾ? ಆ ಡ ಯಾರದ್ದು ಅಂತ ನಾನು ನೋಡಿದ್ದೀನಿ. ಗೊರಕೆ ನಂಬಬೇಡ ಕಣೋ, ಅದನ್ನ ಯಾರು ಬೇಕಾದ್ರೂ ಹೊಡೀಬಹುದು."

ಸೊಸೆ ಕುರ್ಚಿಯಲ್ಲಿ ಕೂತೇ, "ಬಿಡಿ ಅತ್ತೆ, ಇವತ್ತು ಬೇಡ," ಎಂದಳು. ನೋಡಿ, ಅವಳೇ ಬೇಡ ಎನ್ನುತ್ತಾಳೆ! ಇವರಿಬ್ಬರೂ ಒಂದೇ ಕಡೆಯೋ ಏನೋ ಎಂದು ಒಂದು ಗಳಿಗೆ ನನಗೆ ಅವಳ ಮೇಲೂ ಅನುಮಾನ ಬಂತು. ಆದರೆ ಅವಳು ಹಾಗೆ ಹೇಳುವಾಗ ಕುರ್ಚಿಯ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಬಾಯಿ ಹೇಳಿದ್ದನ್ನು ಬಿಟ್ಟು ಕೈ ಹೇಳಿದ್ದನ್ನು ನಂಬಿದೆ.

ಕೊನೆಗೆ ಮಗ ಫೋನ್ ತೆಗೆದ. ಮೂಲೆಗೆ ಹೋಗಿ ಕಿವಿಗಿಟ್ಟುಕೊಂಡು, "ಹಲೋ, ನಾನೇ. ಮುಂದಿನ ತಿಂಗಳು ಬರೋದು ಬೇಡಪ್ಪ. ನಮ್ಮವರೇ ಇದ್ದಾರೆ. ಹೌದು, ಅವರೇ ಮಾಡ್ತಾರೆ, ಮೊದಲಿಂದಾನೂ ಅವರೇ ಮಾಡ್ತಿದ್ದದ್ದು," ಎಂದ. ಫೋನ್ ಜೇಬಿಗೆ ಹಾಕಿಕೊಂಡು, "ಸಾಕಾ?" ಎಂದ. ಸೊಸೆಯ ಕೈ ಕುರ್ಚಿಯ ಹಿಡಿಯಿಂದ ಸ್ವಲ್ಪ ಸಡಿಲವಾಯಿತು. ಅವಳು ನಂಬಿಬಿಟ್ಟಳು ಎಂದು ಕಾಣುತ್ತದೆ. ಅವಳು ಓದಿದವಳು.

ನಾನು ನಂಬಲಿಲ್ಲ. ಫೋನ್ ಕಿವಿಗಿಟ್ಟುಕೊಂಡ, ಮಾತಾಡಿದ, ಸರಿ. ಆದರೆ ಅದು ರಿಂಗಾದ ಸದ್ದನ್ನು ನಾನು ಕೇಳಲಿಲ್ಲ. ಆಚೆ ಕಡೆಯಿಂದ ಒಂದು ಹೂಂ ಎಂಬುದೂ ಕೇಳಿಸಲಿಲ್ಲ. ಆಚೆ ಕಡೆ ಕಪ್ಪು ಕನ್ನಡಕದವನಿದ್ದನೋ, ಅಥವಾ ಯಾರೂ ಇರಲಿಲ್ಲವೋ, ನನಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಅಧ್ಯಕ್ಷರೇ, ನಾನು ಈ ಮೆಟ್ಟಿಲು ಹತ್ತಿದ್ದು. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಮಾತಿನ ಬೆನ್ನಿಗೇ ಸನ್ಮಾನಿತರ ಮಾತು ಇದೆ. ಮೂಲೆಗೆ ಹೋಗಿ ಫೋನಿನಲ್ಲಿ ಆಡಿದ ಆ ಮಾತನ್ನೇ ನನ್ನ ಮಗ ಈಗ ಇಲ್ಲಿ ಬಂದು ಈ ಮೈಕಿನಲ್ಲಿ ಆಡಲಿ. ಹೆಚ್ಚು ಬೇಡ, ಕಡಿಮೆಯೂ ಬೇಡ. ಈ ಸಲ ಆಚೆ ಕಡೆ ಯಾರಿದ್ದಾರೆ ಎಂಬ ಅನುಮಾನ ನನಗಿರುವುದಿಲ್ಲ. ನೀವಿಷ್ಟೂ ಜನ ಇದ್ದೀರಿ. ಮೂರನೆಯ ಸಾಲಿನ ತುದಿಯಲ್ಲಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳೂ ಇದ್ದಾಳೆ.

ನಾನು ಕೆಳಗಿಳಿದು ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಮೈಕು ಆಫ್ ಮಾಡಬೇಡಿ, ಹಾಗೇ ಇರಲಿ. ಇಷ್ಟು ಹೊತ್ತು ನಾಲಿಗೆ ಉದ್ದದ ಮುದುಕಿಯ ಮಾತನ್ನು ಎದ್ದು ಹೋಗದೆ ಕೇಳಿದ ನಿಮಗೆ, ನನ್ನ ಕೈಯಿಂದ ಕಾಗದ ಕಿತ್ತುಕೊಳ್ಳದ ಕಾರ್ಯದರ್ಶಿಗಳಿಗೆ, ಟೀ ತಡ ಮಾಡಿದ ಪುಣ್ಯಾತ್ಮರಿಗೆ, ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಬಾಪ್ಪ ಮಗನೇ, ಎದ್ದು ಬಾ, ಮಾತಾಡು. ನಮಸ್ಕಾರ.